ಟೇಪಿಗೆ ಸೀಮೆಸುಣ್ಣ ಹಚ್ಚಿ, ಬಾವಿಗೆ ಇಳಿಬಿಡಿ

ಗದಗ ಜಿಲ್ಲೆಯ ಮುಂಡರಗಿ ತಾಲ್ಲೂಕಿನ ರೈತರೊಬ್ಬರ ಪತ್ರ: “ಕಪ್ಪತಗುಡ್ಡದ ಕಡೆ ಚಿನ್ನದ ಗಣಿಯ ಮಾತು ಮತ್ತೆ ಕೇಳಿಬರುತ್ತಿದೆ. ನಮ್ಮ ಹೊಲ ತುಂಗಭದ್ರೆಯ ದಂಡೆಗೆ, ಗುಡ್ಡದಿಂದ ದೂರ. ನಮ್ಮ ಬೋರಿಗೆ ಏನಾದೀತು? ಗಣಿಯವರು ಪರಿಸರ ಪರಿಣಾಮದ ವರದಿ ತಂದರೆ ಅದರಲ್ಲಿ ಏನು ನೋಡಬೇಕು?”

ಹಿರಿಯರೇ, ಕಪ್ಪತಗುಡ್ಡ 2019ರಲ್ಲೇ ವನ್ಯಜೀವಿಧಾಮವಾಗಿದೆ. ಆದರೂ ನಿಮ್ಮ ಅಂಜಿಕೆ ಸುಮ್ನೆ ಹುಟ್ಟಿದ್ದಲ್ಲ.

ಮೊದಲು ‘ದೂರ’ದ ಮಾತು. ನಮ್ಮ ನೆಲದಡಿ ಇರುವುದು ಗಟ್ಟಿ ಕಲ್ಲು, ನೀರಿರುವುದು ಅದರ ಬಿರುಕುಗಳಲ್ಲಿ. ಅದಕ್ಕೇ ಒಂದು ಬೋರಿಗೆ ಎರಡಿಂಚು ನೀರು ಬೀಳುತ್ತದೆ, ಐವತ್ತು ಹೆಜ್ಜೆ ಆಚೆ ಬರೀ ಧೂಳು ಏಳುತ್ತದೆ. ಗಣಿಯ ಹೊಂಡ ನೀರಿನ ಮಟ್ಟಕ್ಕಿಂತ ಕೆಳಗಿಳಿದರೆ ಹಗಲೂ ರಾತ್ರಿ ನೀರೆತ್ತಿ ಹೊರಗೆ ಹಾಕಲೇಬೇಕು. ಸುತ್ತಲಿನ ನೀರು ಅತ್ತ ಸರಿಯುತ್ತದೆ. ಬಿರುಕು ಓಡಿದ ದಿಕ್ಕಿನ ಬಾವಿಗಳಿಗೆ ಪೆಟ್ಟು ಜಾಸ್ತಿ. ವರದಿಗಾಗಿ ಗಣಿಯ ಸುತ್ತ ನಕ್ಷೆಯ ಮೇಲೆ ದುಂಡಗೆ ಎಳೆದ 10 ಕಿಲೋಮೀಟರ್ ಗೆರೆಯನ್ನು ಬಿರುಕು ಕೇಳುವುದಿಲ್ಲ, ಅಲ್ವಾ?

ಹೊಳೆ ಕೈಬಿಡುವುದಿಲ್ಲ ಎನ್ನುವುದು ಅರ್ಧ ನಿಜ. ದಂಡೆಯ ಮರಳಿನಲ್ಲಿ ತೋಡಿದ ಬಾವಿಗೆ ಹೊಳೆಯ ನೀರು ಬಸಿಯಬಹುದು. ಆದರೆ ಗುಡ್ಡದಿಂದ ಇಳಿಯುವ ಹಳ್ಳಗಳನ್ನು ನೋಡಿ. ಮಳೆ ನಿಂತು ತಿಂಗಳಾದ ಮೇಲೂ ಅವುಗಳಲ್ಲಿ ಹರಿಯುವುದು ನೆಲದೊಳಗಿನ ನೀರೇ. ಮೊದಲು ಸೊರಗುವುದು ಅವು.

ಗದಗ ಸೀಮೆಯ ಚಿನ್ನದ ಕಲ್ಲಿನಲ್ಲಿ ಆರ್ಸೆನಿಕ್ ಕೂಡ ಇದೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 0.01 ಮಿಲಿಗ್ರಾಂ ದಾಟಬಾರದು. ಗಣಿ ಶುರುವಾಗುವ ಮೊದಲೇ ಒಮ್ಮೆ ನೀರು ಪರೀಕ್ಷೆ ಮಾಡಿಸಿಡಿ.

ವರದಿ ಕೈಗೆ ಬಂದರೆ ತಾರೀಖು ನೋಡಿ. ಮಳೆಗಾಲ ಬಿಟ್ಟು ಒಂದೇ ಹಂಗಾಮಿನ ಅಳತೆ ಸಾಕು ಎನ್ನುತ್ತದೆ ನಿಯಮ. ಅಷ್ಟರಿಂದ ಇಡೀ ವರ್ಷದ ನೀರಿನ ಲೆಕ್ಕ ಹೇಳುವುದನ್ನು ನಾನಂತೂ ಒಪ್ಪುವುದಿಲ್ಲ. ಒಂದು ಬೋರಿನಿಂದ ನೀರೆತ್ತುತ್ತಾ, ಪಕ್ಕದ ಬೋರುಗಳಲ್ಲಿ ಮಟ್ಟ ಎಷ್ಟು ಇಳಿಯಿತೆಂದು ಅಳೆದಿದ್ದಾರಾ? ಅದನ್ನು ಸಾರ್ವಜನಿಕ ಅಹವಾಲು ಸಭೆಯಲ್ಲೇ ಕೇಳಿ. ಸಭೆಗೆ ಕನಿಷ್ಠ 30 ದಿನ ಮೊದಲು ನೋಟಿಸ್ ಕೊಡಬೇಕು, ವರದಿಯ ಸಾರಾಂಶ ಕನ್ನಡದಲ್ಲೂ ಇರಬೇಕು.

ಅಲ್ಲಿಯವರೆಗೆ ನಿಮ್ಮದೇ ಲೆಕ್ಕ ಇಡಿ. ಇವತ್ತಿನ ಮಟ್ಟ ಬರೆದಿಡದಿದ್ದರೆ ನಾಳೆ “ನಿಮ್ಮ ಬಾವಿ ಮೊದಲೇ ಹೀಗಿತ್ತು” ಎಂದುಬಿಡುತ್ತಾರೆ. ರಾತ್ರಿಯಿಡೀ ಪಂಪು ನಿಂತಿರಲಿ. ಬೆಳಿಗ್ಗೆ ಉದ್ದನೆಯ ಟೇಪಿನ ತುದಿಗೆ ತೂಕ ಕಟ್ಟಿ, ಕೊನೆಯ ಒಂದೆರಡು ಮೀಟರಿಗೆ ಸೀಮೆಸುಣ್ಣ ಉಜ್ಜಿ ಬಾವಿಗೆ ಬಿಡಿ. ಬಾವಿಯ ಅಂಚಿನಲ್ಲಿ ಟೇಪು ತೋರಿಸುವ ಅಂಕಿಯಿಂದ ಸುಣ್ಣ ನೆನೆದ ಗುರುತಿನ ಅಂಕಿ ಕಳೆದರೆ ನೀರಿನ ಆಳ ಸಿಗುತ್ತದೆ. ತಿಂಗಳಿಗೊಮ್ಮೆ, ಅದೇ ಅಂಚಿನಿಂದ ಅಳೆದು ತಾರೀಖು ಸಮೇತ ಬರೆಯಿರಿ. ಒಳಗೆ ಪಂಪು ಇರುವ ಬೋರಿಗೆ ಮಾತ್ರ ಟೇಪು ಬಿಡಬೇಡಿ. ಕೇಬಲ್ಲಿಗೆ ಸುತ್ತಿಕೊಂಡರೆ ಟೇಪೂ ಹೋಯಿತು, ಪಂಪೂ ಮೇಲೆತ್ತಿಸಬೇಕು.