ಪದ ಕಟ್ಟಿದವರು ಕವಿಗಳಲ್ಲವೇ?

ಹಾನಗಲ್ ತಾಲ್ಲೂಕಿನ ಓದುಗರೊಬ್ಬರು ಉದ್ದನೆಯ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದು ಕೇಳಿಕೊಂಡಿದ್ದರಿಂದ ಹಾಕಿಲ್ಲ. ಅವರ ತೀರಿಕೊಂಡ ತಂದೆ ಗೀಗೀ ಮೇಳದಲ್ಲಿ ಹಾಡುತ್ತಿದ್ದರು, ಪದಗಳನ್ನು ತಾವೇ ಕಟ್ಟುತ್ತಿದ್ದರು. ಆ ಪದಗಳನ್ನು ಈಗ ಮಗ ಪುಸ್ತಕ ಮಾಡಲು ಹೊರಟಿದ್ದಾರೆ. ಮುಖಪುಟದ ಮೇಲೆ ತಂದೆಯ ಹೆಸರಿನ ಹಿಂದೆ ‘ಕವಿ’ ಎಂದು ಹಾಕಬೇಕೆಂಬ ಆಸೆ. ಆದರೆ ಸುತ್ತಲಿನ ಊರೊಂದರ ಕವಿಗೋಷ್ಠಿಯಲ್ಲಿ ಭಾಷಣಕಾರರೊಬ್ಬರು, “ಕವಿ ಎಂದರೆ ಕ್ರಾಂತಿದರ್ಶಿ, ಋಷಿ. ಪದ ಕಟ್ಟುವವನು ಹಾಡುಗಾರ, ಕವಿಯಲ್ಲ” ಎಂದರಂತೆ. ಮೋಡದ ಹಾಗೆ ಮನಸ್ಸನ್ನು ಕವಿಯುವವನೇ ಕವಿ, ಕಬ್ಬಿನಷ್ಟು ಸಿಹಿಯಾಗಿ ಬರೆಯುವವನೇ ಕಬ್ಬಿಗ ಎಂದೂ ಅದೇ ಭಾಷಣದಲ್ಲಿ ಹೇಳಿದರಂತೆ. ‘ಇದೆಲ್ಲ ನಿಜವೇ? ಅಪ್ಪನನ್ನು ನಾನು ಏನೆಂದು ಕರೆಯಲಿ?’ ಎಂಬುದು ಪತ್ರದ ಪ್ರಶ್ನೆ.

ಮಾನ್ಯರೇ,

ಮೊದಲು ಆ ಮೋಡವನ್ನೂ ಕಬ್ಬನ್ನೂ ಪಕ್ಕಕ್ಕಿಡೋಣ. ಮೋಡ ಕವಿಯುವುದು, ಕತ್ತಲೆ ಕವಿಯುವುದು ಅಚ್ಚಗನ್ನಡದ ಕ್ರಿಯಾಪದ. ಕಾವ್ಯ ಬರೆಯುವ ಕವಿ ಸಂಸ್ಕೃತದಿಂದ ಬಂದವನು. ಕಿವಿಗೆ ಒಂದೇ ಆಗಿ ಕೇಳಿಸುತ್ತವೆ ಎಂಬುದನ್ನು ಬಿಟ್ಟರೆ ಎರಡಕ್ಕೂ ಸಂಬಂಧವಿಲ್ಲ. ಕಬ್ಬಿನ ಕಥೆಯೂ ಅಷ್ಟೇ. ತಮಿಳಿನ ‘ಕರುಂಬು’, ನಮ್ಮ ಹಳೆಯ ‘ಕರ್ಬು’, ಇಂದಿನ ‘ಕಬ್ಬು’ ಒಂದೇ ಬಳ್ಳಿಯ ಶಬ್ದಗಳು. ಕಬ್ಬಿಗನ ದಾರಿ ಬೇರೆ. ಸಂಸ್ಕೃತದ ‘ಕಾವ್ಯ’ ಪ್ರಾಕೃತದಲ್ಲಿ ‘ಕವ್ವ’ ಆಯಿತು, ಕನ್ನಡದ ಬಾಯಲ್ಲಿ ‘ಕಬ್ಬ’ ಆಯಿತು. ಕಬ್ಬ ಮಾಡುವವನು ಕಬ್ಬಿಗ. ಸಂಸ್ಕೃತ ಪದಗಳನ್ನು ಇದ್ದ ಹಾಗೆಯೇ ಬಳಸುವುದಿಲ್ಲವೆಂದು ಹಟ ಹಿಡಿದು 13ನೆಯ ಶತಮಾನದಲ್ಲಿ ಆಂಡಯ್ಯ ಬರೆದ ಕಾವ್ಯಕ್ಕೆ ‘ಕಬ್ಬಿಗರ ಕಾವ’ ಎಂಬ ಹೆಸರಿದೆಯಲ್ಲ, ಆ ಹೆಸರಿನ ಮೊದಲ ಶಬ್ದವೇ ಸಂಸ್ಕೃತದ್ದು, ವೇಷ ಬದಲಿಸಿಕೊಂಡಿದೆ ಅಷ್ಟೆ.

ಇಂಥ ಹಟ ನಮ್ಮ ಸೀಮೆಗೂ ಹೊಸದಲ್ಲ. ಈಗಿನ ಗದಗ ಜಿಲ್ಲೆಯ ಮುಳಗುಂದದ ನಯಸೇನ 1112ರಲ್ಲಿ ‘ಧರ್ಮಾಮೃತ’ ಬರೆದ. ಶುದ್ಧ ಕನ್ನಡದೊಳಗೆ ಸಂಸ್ಕೃತವನ್ನು ತಂದು ತುರುಕುವುದೆಂದರೆ ಘೃತವನ್ನೂ ತೈಲವನ್ನೂ ಬೆರಸಿದಂತೆ ಎಂದು ಗದರಿದ. ತುಪ್ಪ, ಎಣ್ಣೆ ಎಂಬ ಚೆಂದದ ಶಬ್ದಗಳು ಕೈಯಳತೆಯಲ್ಲೇ ಇದ್ದರೂ ಗದರುವುದಕ್ಕೆ ಆತ ಆರಿಸಿಕೊಂಡದ್ದು ಎರಡು ಸಂಸ್ಕೃತ ಶಬ್ದಗಳನ್ನು! ತಿಳಿದೇ ಮಾಡಿದ ತುಂಟತನ ಎಂದೇ ನನ್ನ ನಂಬಿಕೆ.

ಇನ್ನು ‘ಕ್ರಾಂತಿದರ್ಶಿ’. ವೇದದ ಶಬ್ದಗಳ ಅರ್ಥ ಬಿಡಿಸುವ ಹಳೆಯ ಗ್ರಂಥ, ಯಾಸ್ಕನ ನಿರುಕ್ತದಲ್ಲಿರುವುದು ‘ಕ್ರಾಂತದರ್ಶನ’. ಅದರಿಂದ ಬಂದದ್ದು ಕ್ರಾಂತದರ್ಶಿ. ಕ್ರಾಂತ ಎಂದರೆ ದಾಟಿದ್ದು, ಆಚೆ ಹೋದದ್ದು. ಕಣ್ಣಿಗೆ ಕಾಣುವುದನ್ನು ದಾಟಿ ಕಾಣುವವನು ಕ್ರಾಂತದರ್ಶಿ. ರವಿ ಕಾಣದ್ದನ್ನು ಕವಿ ಕಂಡ ಎಂಬ ನಮ್ಮ ಗಾದೆಯ ಮಾತೂ ಇದೇ. ಸಂಕ್ರಾಂತಿಯಲ್ಲಿರುವ ಕ್ರಾಂತಿಗೂ ಕೆಂಪು ಬಾವುಟಕ್ಕೂ ಸಂಬಂಧವಿಲ್ಲ. ಬಂಡಾಯದ ಅರ್ಥ ಅದಕ್ಕೆ ಅಂಟಿಕೊಂಡದ್ದು ತೀರ ಈಚೆಗೆ. ಒಂದು ಗುಣಿಸು ಸೇರಿಸಿ ಯಾಸ್ಕನನ್ನು ಮೆರವಣಿಗೆಗೆ ಹೊರಡಿಸುವುದು ನಮ್ಮ ವೇದಿಕೆಗಳಲ್ಲಿ ರೂಢಿಯಾಗಿಬಿಟ್ಟಿದೆ.

ಆದರೂ ಕವಿ ಎಂದರೆ ಋಷಿ ಎಂಬ ಮಾತು ತೆಗೆದುಹಾಕುವಂಥದ್ದಲ್ಲ. ಋಗ್ವೇದದ ಮೊದಲ ಸೂಕ್ತವೇ ಅಗ್ನಿಯನ್ನು ‘ಕವಿಕ್ರತು’ ಎನ್ನುತ್ತದೆ. ಅಗ್ನಿ ಯಾವ ಕವನ ಸಂಕಲನವನ್ನೂ ಹೊರತಂದವನಲ್ಲ. ಅಲ್ಲಿ ಕವಿ ಎಂದರೆ ಬಲ್ಲವನು, ಒಳಗಣ್ಣುಳ್ಳವನು. ‘ದೇವರ ಕಾವ್ಯವನ್ನು ನೋಡು, ಅದು ಸಾಯಲಿಲ್ಲ, ಮುಪ್ಪಾಗುವುದೂ ಇಲ್ಲ’ ಎಂದು ಅಥರ್ವವೇದ ಹೇಳುವಾಗಲೂ ಕಾವ್ಯವೆಂದರೆ ಪುಸ್ತಕವಲ್ಲ, ದೇವರ ಜಾಣ್ಮೆ. ಗೀತೆಯಲ್ಲಿ ಕೃಷ್ಣ ‘ಕವಿಗಳಲ್ಲಿ ನಾನು ಉಶನಸ್ಸು’ ಎನ್ನುತ್ತಾನೆ. ಉಶನಸ್ಸು ಯಾರು? ಅಸುರರ ಗುರು ಶುಕ್ರಾಚಾರ್ಯ, ನೀತಿಶಾಸ್ತ್ರದ ಪಂಡಿತ. ಇದೇ ಶಬ್ದ ಇರಾನಿನ ಕಡೆ ಅರಸರ ಬಿರುದಾಯಿತು. ಕೈಕೋಬಾದ್, ಕೈಖುಸ್ರೋ ಎಂಬ ಹೆಸರುಗಳ ಮೊದಲಲ್ಲಿರುವ ‘ಕೈ’ ಹಳೆಯ ‘ಕವಿ’ಯೇ. ಭಾಷಣಕಾರರು ಹೇಳುವಂತೆ ಮೂಲಾರ್ಥಕ್ಕೇ ಜೋತುಬೀಳುವುದಾದರೆ ಕವಿಗೋಷ್ಠಿಗೆ ಬೆಂಕಿ, ಶುಕ್ರಾಚಾರ್ಯ ಮತ್ತು ಪಾರಸೀಕ ಅರಸರನ್ನಷ್ಟೇ ಕರೆಯಬೇಕಾಗುತ್ತದೆ. ವೇದಿಕೆಯ ಮೇಲೆ ಕೂತವರೆಲ್ಲ ಎದ್ದು ಹೋಗಬೇಕಾಗುತ್ತದೆ.

ಶಬ್ದಗಳು ಹುಟ್ಟಿದ ಮನೆಯಲ್ಲೇ ಕೂತಿರುವುದಿಲ್ಲ. ಹಳೆಯವರು ಕವಿ, ಗಮಕಿ, ವಾದಿ, ವಾಗ್ಮಿ ಎಂದು ನಾಲ್ವರನ್ನು ಒಟ್ಟಿಗೆ ಹೇಳುತ್ತಿದ್ದರು. ರಾಷ್ಟ್ರಕೂಟ ಅಮೋಘವರ್ಷನ ಗುರು ಜಿನಸೇನ ತನ್ನ ಸಂಸ್ಕೃತ ಆದಿಪುರಾಣದಲ್ಲಿ ಈ ನಾಲ್ಕೂ ಬಗೆಯವರಿಗೆ ಜೈನ ಆಚಾರ್ಯ ಸಮಂತಭದ್ರನೇ ಚೂಡಾಮಣಿ ಎಂದು ಹೊಗಳಿದ್ದಾನೆ. ಅಂದು ಗಮಕಿ ಎಂದರೆ ಕೃತಿಯ ಅರ್ಥವನ್ನು ಬಿಡಿಸಿ ಮನಗಾಣಿಸುವವನು. ಇಂದು ಗಮಕಿ ಎಂದರೆ ರಾಗವಾಗಿ ಕಾವ್ಯ ವಾಚಿಸುವವರು. ಅರ್ಥ ಹೇಳಲು ಪಕ್ಕದಲ್ಲಿ ವ್ಯಾಖ್ಯಾನಕಾರರು ಬೇರೆ ಇರುತ್ತಾರೆ. ಅಂದು ವಾದಿ ತರ್ಕದಲ್ಲಿ ಎದುರಾಳಿಯನ್ನು ಗೆಲ್ಲುವವನು. ಇಂದು ವಾದಿಯನ್ನು ನೋಡಬೇಕಾದರೆ ಧಾರವಾಡದ ನ್ಯಾಯಾಲಯಕ್ಕೆ ಹೋಗಬೇಕು, ಕೈಯಲ್ಲಿ ಹೊಲದ ಪಹಣಿ ಹಿಡಿದು ನಿಂತಿರುತ್ತಾನೆ. ವಾಗ್ಮಿ ಮಾತ್ರ ಹೆಚ್ಚು ಬದಲಾಗಿಲ್ಲ. ನಿಮ್ಮ ಗೋಷ್ಠಿಯಲ್ಲೂ ಒಬ್ಬರು ಸಿಕ್ಕಿದ್ದಾರೆ. ಹರಿಹರ ಶಿವಶರಣರ ಕಥೆಗಳನ್ನು ಹಾಡಿದ ರಗಳೆಯ ಗತಿಯನ್ನಂತೂ ಕೇಳುವುದೇ ಬೇಡ. ಈಗ ಮಗು ಹಟ ಹಿಡಿದರೆ ‘ರಗಳೆ ಮಾಡಬೇಡ’ ಎನ್ನುತ್ತೇವೆ.

ಈಗ ನಿಮ್ಮ ತಂದೆಯ ವಿಷಯಕ್ಕೆ ಬರುತ್ತೇನೆ. ‘ಪದ’ ಎಂಬ ಶಬ್ದವನ್ನು ಕೀಳಾಗಿ ಕಂಡವರಿಗೆ ಅದರ ಹರವು ಗೊತ್ತಿದ್ದಂತಿಲ್ಲ. ಪದವೆಂದರೆ ಹೆಜ್ಜೆ, ಪದ್ಯದ ಒಂದು ಸಾಲು, ಮಾತು, ಹಾಡು. ಸರ್ವಜ್ಞನ ತ್ರಿಪದಿಯಲ್ಲಿ ಮೂರು, ಗದುಗಿನ ಭಾರತದ ಷಟ್ಪದಿಯಲ್ಲಿ ಆರು ಪದಗಳಿವೆ. ಶಿಗ್ಗಾಂವಿ ತಾಲ್ಲೂಕಿನ ಶಿಶುನಾಳದ ಶರೀಫರು ಹಾಡಿದ್ದು ತತ್ವಪದ. ಬೀಸುವಾಗ ಹೆಣ್ಣುಮಕ್ಕಳು ಹೇಳಿದ್ದು ಬೀಸುವ ಪದ. ಇವೆಲ್ಲವೂ ಒಂದೇ ಮನೆತನ.

‘ಕಟ್ಟುವುದು’ ಎಂಬುದರಲ್ಲೂ ನಾಚಿಕೆಪಡುವಂಥದ್ದೇನಿಲ್ಲ. ಇಂಗ್ಲಿಷಿನವರ ‘ಪೊಯೆಟ್’ ಗ್ರೀಕಿನಿಂದ ಬಂದದ್ದು, ಅದರ ಮೂಲಾರ್ಥ ಮಾಡುವವನು ಎಂದು. ಹುಬ್ಬಳ್ಳಿಯ ಮುಶಾಯಿರಾಗಳಲ್ಲಿ ಕಾಣುವ ‘ಶಾಯರ್’ ಅರಬ್ಬಿಯ ಶಬ್ದ, ಅರಿಯುವುದು ಎಂಬ ಅರ್ಥದ ಧಾತುವಿನದು. ಒಬ್ಬರು ಮಾಡುತ್ತಾರೆ, ಒಬ್ಬರು ಅರಿಯುತ್ತಾರೆ, ವೇದದವರು ಕಾಣುತ್ತಾರೆ. ಕನ್ನಡದವರು ಕವಿ ಎಂಬ ನಾಮಪದವನ್ನು ಸಂಸ್ಕೃತದಿಂದ ತಂದುಕೊಂಡರೂ ಕೆಲಸವನ್ನು ಹೇಳುವಾಗ ಹಾಡು ಕಟ್ಟಿದ, ಪದ್ಯ ಹೆಣೆದ, ಪ್ರಾಸ ಹೊಸೆದ ಎನ್ನುತ್ತಾರೆ. ಮನೆ ಕಟ್ಟುವ, ಬುಟ್ಟಿ ಹೆಣೆಯುವ, ಬತ್ತಿ ಹೊಸೆಯುವ ಕೈಗಳ ಕ್ರಿಯಾಪದಗಳು ಇವು. ಕಾವ್ಯ ಆಕಾಶದಿಂದ ಉದುರುತ್ತದೆ ಎನ್ನುವವರಿಗಿಂತ ಈ ಕ್ರಿಯಾಪದಗಳನ್ನೇ ನಾನು ಹೆಚ್ಚು ನಂಬುತ್ತೇನೆ.

ನಿಮ್ಮ ಪತ್ರದ ಜೊತೆ ಬಂದ ಹಾಳೆಯಲ್ಲಿ ಹರದೇಶಿ-ನಾಗೇಶಿಯ ಒಂದು ಸವಾಲು ಇದೆ. ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಎಂದು ಎರಡು ಮೇಳಗಳು ರಾತ್ರಿಯಿಡೀ ವಾದಿಸುವ ಹಾಡಿಕೆ ಅದು. ಎದುರು ಮೇಳದವರು ಕೊನೆಗೆ ಬಿಟ್ಟ ಶಬ್ದವನ್ನೇ ಹಿಡಿದು ನಿಮ್ಮ ತಂದೆ ತಮ್ಮ ಪದದ ಮೊದಲ ಪ್ರಾಸ ಮಾಡಿಕೊಂಡಿದ್ದಾರೆ. ದಪ್ಪಿನ ಪೆಟ್ಟು ನಿಲ್ಲುವುದರೊಳಗೆ, ಜನರ ಎದುರಿನಲ್ಲಿ ಇದು ಆಗಬೇಕು. ಗದುಗಿನ ನಾರಣಪ್ಪ ತನ್ನ ಹೆಚ್ಚುಗಾರಿಕೆ ಹೇಳಿಕೊಳ್ಳುವಾಗ ‘ಹಲಗೆ ಬಳಪವ ಪಿಡಿಯದೊಂದಗ್ಗಳಿಕೆ’, ‘ಪದವಿಟ್ಟಳುಪದೊಂದಗ್ಗಳಿಕೆ’ ಎಂದ. ಬರೆದು ಅಳಿಸುವ ಹಲಗೆ ಬೇಕಿಲ್ಲ, ಇಟ್ಟ ಪದವನ್ನು ಅಳಿಸುವುದೂ ಇಲ್ಲ ಎಂಬುದು ಆತನ ಹೆಮ್ಮೆ. ಗೀಗೀ ಮೇಳದ ಹಾಡುಗಾರನಿಗೆ ಅದು ಹೆಮ್ಮೆಯಲ್ಲ, ದಿನದ ಕಸುಬು. ಅದೇ ನಾರಣಪ್ಪ ‘ವೀರನಾರಾಯಣನೆ ಕವಿ, ಲಿಪಿಕಾರ ಕುವರವ್ಯಾಸ’ ಎಂದು ಕವಿ ಎಂಬ ಪಟ್ಟವನ್ನು ದೇವರಿಗೆ ಬಿಟ್ಟುಕೊಟ್ಟು ತಾನು ಬರೆದುಕೊಳ್ಳುವವನ ಜಾಗದಲ್ಲಿ ಕೂತುಬಿಟ್ಟ. ಹಾಗೆಂದು ಅವನನ್ನು ಕವಿಗಳ ಪಟ್ಟಿಯಿಂದ ತೆಗೆದವರುಂಟೇ?

ಶಾಸ್ತ್ರದ ಆಧಾರವೇ ಬೇಕು ಎನ್ನುವವರಿಗೆ ಕನ್ನಡದಲ್ಲಿ ದೊರೆತಿರುವ ಮೊದಲ ಗ್ರಂಥವನ್ನೇ ತೋರಿಸಿ. ಸುಮಾರು ಕ್ರಿ.ಶ. 850ರ ‘ಕವಿರಾಜಮಾರ್ಗ’ ಕನ್ನಡದ ಜನರನ್ನು ‘ಕುರಿತೋದದೆಯುಂ ಕಾವ್ಯಪ್ರಯೋಗಪರಿಣತಮತಿಗಳ್’ ಎಂದು ಕರೆದಿದೆ. ಪಾಠವೆಂದು ಕೂತು ಓದದೆಯೇ ಕಾವ್ಯವನ್ನು ಬಳಸುವುದರಲ್ಲಿ ಪಳಗಿದವರು ಎಂದು ಅರ್ಥ. ಕನ್ನಡದ ತಿರುಳು ಎಲ್ಲಿದೆ ಎಂದು ಅದೇ ಗ್ರಂಥ ಗುರುತಿಸುವ ನಾಲ್ಕು ಊರುಗಳಲ್ಲಿ ಪುಲಿಗೆರೆಯೂ ಒಂದು, ಅಂದರೆ ಗದಗ ಜಿಲ್ಲೆಯ ಲಕ್ಷ್ಮೇಶ್ವರ. ಅದರ ಸುತ್ತಿನ ಜಾತ್ರೆಗಳಲ್ಲಿ ಹಾಡಿದವರನ್ನು ಓದಿಲ್ಲವೆಂದು ಹೊರಗಿಡುವುದಕ್ಕೆ ಆ ಗ್ರಂಥದಲ್ಲಂತೂ ಒಪ್ಪಿಗೆಯಿಲ್ಲ.

ಪತ್ರದ ಕೊನೆಯಲ್ಲಿ ಕೇಳಿದ ಸಣ್ಣ ಪ್ರಶ್ನೆಗಳಿಗೆ ಬೇಗ ಹೇಳಿಬಿಡುತ್ತೇನೆ. ಕಂದಪದ್ಯ ಮಕ್ಕಳ ಪದ್ಯವಲ್ಲ. ‘ಸ್ಕಂಧಕ’ ಎಂಬ ಛಂದಸ್ಸು ಪ್ರಾಕೃತದ ಮೂಲಕ ಬಂದು ಕಂದವಾಯಿತು. ಮಹಿಳೆಯರಿಗೆ ಬಳಸುವ ಶಬ್ದ ‘ಕವಯಿತ್ರಿ’, ‘ಕವಿಯತ್ರಿ’ ಅಲ್ಲ. ನಮ್ಮ ಪತ್ರಿಕೆಯಲ್ಲಿ ಅವರಿಗೂ ಕವಿ ಎಂದೇ ಹಾಕುತ್ತೇವೆ.

ಮುಖಪುಟದ ಮೇಲೆ ‘ಕವಿ’ ಎಂದೇ ಅಚ್ಚು ಹಾಕಿಸಿ. ಆದರೆ ಪುಸ್ತಕದ ಹೆಸರಿನಲ್ಲಿ ‘ಗೀಗೀ ಪದಗಳು’ ಎಂಬುದನ್ನು ತೆಗೆದು ‘ಕವಿತೆಗಳು’ ಎಂದು ತಿದ್ದಲು ಹೋಗಬೇಡಿ. ಯಾರಾದರೂ ಹಾಗೆ ಸಲಹೆ ಕೊಟ್ಟೇ ಕೊಡುತ್ತಾರೆ. ಅಚ್ಚಿಗೆ ಕೊಡುವ ಮೊದಲು ಪ್ರತಿಯೊಂದು ಪದದ ಮೇಲೂ ಧಾಟಿ ಯಾವುದೆಂದು ಬರೆಯಿಸಿ. ತಂದೆಯ ಹಿಂದೆ ನಿಂತು ‘ಗೀಯ ಗಾ’ ಎಂದು ಸೊಲ್ಲು ಎತ್ತುತ್ತಿದ್ದವರು ಇಬ್ಬರು ಇನ್ನೂ ಇದ್ದಾರೆ ಎಂದು ಬರೆದಿದ್ದೀರಿ. ಅವರನ್ನು ಕೂರಿಸಿ ಹಾಡಿಸಿ, ಮೊಬೈಲಿನಲ್ಲಿ ದಾಖಲು ಮಾಡಿಕೊಳ್ಳಿ. ಯಾವ ಜಾತ್ರೆಯಲ್ಲಿ, ಯಾವ ಊರಿನ ಮೇಳದ ಎದುರು ಹಾಡಿದ್ದು ಎಂಬುದನ್ನೂ ಕೇಳಿ ಗುರುತು ಹಾಕಿಕೊಳ್ಳಿ. ಹರದೇಶಿಯ ಆ ಸವಾಲನ್ನು ಮುಂದಿನ ಸಂಚಿಕೆಯಲ್ಲಿ ಪ್ರಕಟಿಸುವ ಮನಸ್ಸಿದೆ. ಅದಕ್ಕೆ ಎದುರು ಮೇಳ ಕೊಟ್ಟ ಜವಾಬು ಯಾರ ನೆನಪಿನಲ್ಲಾದರೂ ಉಳಿದಿದ್ದರೆ ಅದನ್ನೂ ಕಳುಹಿಸಿಕೊಡಿ.

— ಸಂಪಾದಕ