ನೂರು ಕಣಗಳಿಗೆ ನೂರರಿಂದ ಗುಣಿಸಿದರೆ ಸಾಲದೇ?

ಪ್ರಶ್ನೆ: ಮಾನಸಗಂಗೋತ್ರಿಯಲ್ಲಿ ಭೌತವಿಜ್ಞಾನ ಎಂ.ಎಸ್ಸಿ. ಓದುತ್ತಿದ್ದೇನೆ. ಪ್ರಾಜೆಕ್ಟಿಗೆ ಕಾಂತೀಯ ನ್ಯಾನೊಕಣಗಳ ಸಿಮ್ಯುಲೇಷನ್ ಕೊಟ್ಟಿದ್ದಾರೆ. ಒಂದು ಕಣದ ಕಾಂತತ್ವಕ್ಕೆ ಸೂತ್ರವಿದೆ. ನೂರು ಕಣಗಳಿದ್ದರೆ ನೂರರಿಂದ ಗುಣಿಸಿದರೆ ಆಯಿತಲ್ಲ, ಕಂಪ್ಯೂಟರ್ ಯಾಕೆ ಬೇಕು?
– ಓದುಗರೊಬ್ಬರು, ಮಂಡ್ಯ

ಉತ್ತರ: ಕಣಗಳು ದೂರ ದೂರ ಇದ್ದರೆ ನಿಮ್ಮ ಮಾತು ಸರಿ. ಹತ್ತಿರ ಬಂದವೋ, ಗುಣಾಕಾರ ಕೈಕೊಡುತ್ತದೆ.

ಲ್ಯಾಬಿನಲ್ಲಿ ಎರಡು ದಂಡಕಾಂತ ತೆಗೆದುಕೊಳ್ಳಿ. ಒಂದರ ಹಿಂದೊಂದು ಇಟ್ಟರೆ ಎರಡೂ ಒಂದೇ ದಿಕ್ಕಿಗೆ ಮುಖ ಮಾಡಿ ಅಂಟಿಕೊಳ್ಳುತ್ತವೆ. ಪಕ್ಕಪಕ್ಕ ಇಟ್ಟರೆ ಒಂದು ಉಲ್ಟಾ ತಿರುಗಲು ನೋಡುತ್ತದೆ. ಅಂದಮೇಲೆ ಸಾಲಿನ ನಡುವೆ ಸಿಕ್ಕ ಕಣಕ್ಕೆ ಹಿಂದುಮುಂದಿನವರದು ಒಂದು ಮಾತು, ಅಕ್ಕಪಕ್ಕದವರದು ಇನ್ನೊಂದು. ಸಮತಲದಲ್ಲಿ ಸ್ವತಂತ್ರವಾಗಿ ತಿರುಗಬಲ್ಲ ಕಣಗಳನ್ನು ವಿಶಾಲವಾದ ಚೌಕ ಜಾಲದಲ್ಲಿ ಜೋಡಿಸಿ ತೀರಾ ತಂಪು ಮಾಡಿದರೆ ಒಟ್ಟು ಕಾಂತತ್ವ ಸೊನ್ನೆಯಾಗುತ್ತದೆ. ಅವೇ ಕಣಗಳನ್ನು ತ್ರಿಕೋನ ಜಾಲದಲ್ಲಿಟ್ಟರೆ ಎಲ್ಲವೂ ಒಂದೇ ದಿಕ್ಕಿಗೆ ತಿರುಗುತ್ತವೆ! ಕಣ ಬದಲಾಗಿಲ್ಲ, ಜೋಡಣೆ ಬದಲಾಗಿದೆ ಅಷ್ಟೆ. ಈ ವಿಷಯದಲ್ಲಿ ನನಗೆ ಇವತ್ತಿಗೂ ಅತ್ಯಂತ ಪ್ರಿಯವಾದ ಸಂಗತಿ ಇದು.

ಈ ಸೆಳೆತ ಎಷ್ಟು ದೊಡ್ಡದು? 10 ನ್ಯಾನೊಮೀಟರ್ ವ್ಯಾಸದ ಮ್ಯಾಗ್ನೆಟೈಟ್ (ಕಾಂತಗುಣದ ಕಬ್ಬಿಣದ ಆಕ್ಸೈಡ್) ಗೋಲಿಗಳೆರಡು ತಾಗಿಕೊಂಡು ಸಾಲಾಗಿ ನಿಂತರೆ, ಸೆಳೆತದ ಶಕ್ತಿ ಕೋಣೆಯ ತಾಪದ ಕೆಟಿಯ, ಅಂದರೆ ಕಣವನ್ನು ಅಲುಗಾಡಿಸುವ ಶಾಖದ ಶಕ್ತಿಯ, ಸುಮಾರು 3 ಪಟ್ಟು. ಕೇಂದ್ರಗಳ ಅಂತರ 20 ನ್ಯಾನೊಮೀಟರ್ ಆದರೆ ಅದರ ಎಂಟನೇ ಒಂದು ಪಾಲು, ಏಕೆಂದರೆ ದೂರದ ಘನಕ್ಕೆ ತಕ್ಕಂತೆ ಇಳಿಯುತ್ತದೆ. ಆಗ ಶಾಖದ ಕೈಯೇ ಮೇಲು. ಈ ಲೆಕ್ಕವನ್ನು ಪ್ರೋಗ್ರಾಂ ಮುಟ್ಟುವ ಮೊದಲು ಕೈಯಲ್ಲೇ ಮಾಡಿ.

ಇನ್ನು ಕಂಪ್ಯೂಟರಿನ ಮಾತು. ನೂರು ಕಣಗಳಲ್ಲಿ 4,950 ಜೋಡಿಗಳಿವೆ. ಪ್ರತಿ ಕಣಕ್ಕೂ ಮೇಲೆ, ಕೆಳಗೆ ಎಂಬ ಎರಡೇ ದಿಕ್ಕು ಕೊಟ್ಟರೂ ಒಟ್ಟು ಸ್ಥಿತಿಗಳು 10ರ 30ನೇ ಘಾತ ದಾಟುತ್ತವೆ. ಎಲ್ಲವನ್ನೂ ಎಣಿಸುವುದು ಆಗದ ಕೆಲಸ. ಅದಕ್ಕೇ 1953ರ ಮೆಟ್ರೊಪೊಲಿಸ್ ವಿಧಾನ: ಯಾವುದೋ ಒಂದು ಕಣವನ್ನು ಸ್ವಲ್ಪ ತಿರುಗಿಸಿ ನೋಡುವುದು, ಶಕ್ತಿ ಇಳಿದರೆ ಒಪ್ಪುವುದು, ಏರಿದರೆ ತಾಪಕ್ಕೆ ತಕ್ಕ ಸಂಭವನೀಯತೆಯಲ್ಲಿ ಮಾತ್ರ ಒಪ್ಪುವುದು. ಆದರೆ ಇಲ್ಲಿನ ಹೆಜ್ಜೆಗಳನ್ನು ಸೆಕೆಂಡು ಅಂದುಕೊಳ್ಳಬೇಡಿ. ಕಾಲದ ಲೆಕ್ಕ ಬೇಕಾದರೆ, ಕಾಂತತ್ವದ ದಿಕ್ಕು ಕ್ಷಣಕ್ಷಣಕ್ಕೂ ಹೇಗೆ ತಿರುಗುತ್ತದೆಂದು ಹೇಳುವ ಲ್ಯಾಂಡೌ–ಲಿಫ್‌ಶಿಟ್ಸ್–ಗಿಲ್ಬರ್ಟ್ ಸಮೀಕರಣದಂಥದ್ದಕ್ಕೆ ಹೋಗಬೇಕು.

ಲೆಕ್ಕ ಬೇಗ ಮುಗಿಯಲಿ ಅಂತ ಪಕ್ಕದ ಕಣಗಳಿಗೆ ಮಾತ್ರ ಸೆಳೆತ ಕೊಟ್ಟು ದೂರದವನ್ನು ಕೈಬಿಡುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ದೂರದವೆಲ್ಲ ಸೇರಿದಾಗ ಅವುಗಳ ಪಾಲು ಸಣ್ಣದಲ್ಲ. ಮೊದಲು ಸೆಳೆತವನ್ನೂ ಅನಿಸೊಟ್ರೊಪಿಯನ್ನೂ (ಕಣಕ್ಕೆ ತನ್ನದೇ ಆದ ಮೆಚ್ಚಿನ ದಿಕ್ಕಿನ ಕಡೆಗಿರುವ ಒಲವು) ಸೊನ್ನೆ ಮಾಡಿ, ಕಣಗಳನ್ನು ಎಲ್ಲ ದಿಕ್ಕಿಗೂ ತಿರುಗಲು ಬಿಟ್ಟು ಪ್ರೋಗ್ರಾಂ ಓಡಿಸಿ. ಹೊರಗಿನ ಕಾಂತಕ್ಷೇತ್ರಕ್ಕೆ ತಕ್ಕಂತೆ ಕಾಂತತ್ವ ಏರುವ ರೇಖೆ, ಒಂಟಿ ಕಣಗಳಿಗಿರುವ ಲಾಂಜೆವನ್ ಸೂತ್ರದ ಮೇಲೆ ಸರಿಯಾಗಿ ಕೂರಬೇಕು. ಕೂರದಿದ್ದರೆ ಪ್ರೋಗ್ರಾಂನಲ್ಲಿ ತಪ್ಪಿದೆ, ಅದನ್ನು ಹುಡುಕಿ ತೆಗೆದ ಮೇಲೆಯೇ ಸೆಳೆತ ಸೇರಿಸಿ.