ಬರೀ ಫೋನಿನಲ್ಲಿ ಸ್ಟಾಪ್ ಮೋಷನ್ ಕಿರುಚಿತ್ರ ಮಾಡಬಹುದಾ? ಮಾಡಿದರೆ ಯಾರಾದರೂ ನೋಡ್ತಾರಾ?

ಮಾಡಬಹುದು. ಗೊಂಬೆಯನ್ನು ಸ್ವಲ್ಪ ಸ್ವಲ್ಪವೇ ಸರಿಸಿ ಒಂದೊಂದೇ ಫೋಟೋ ತೆಗೆದು, ಸಾಲಾಗಿ ಓಡಿಸಿ ಅದು ತಾನೇ ಅಲ್ಲಾಡಿದಂತೆ ತೋರಿಸೋದೇ ಸ್ಟಾಪ್ ಮೋಷನ್. ಕ್ಯಾಮೆರಾ ಇಲ್ಲ, ಸ್ಟುಡಿಯೋ ಇಲ್ಲ, ಊರು ಸಣ್ಣದು, ಐದು ನಿಮಿಷದ ಚಿತ್ರ ಆಗುತ್ತಾ ಅಂತ ಕೇಳಿದ್ದೀರಿ. ನಾನು ಕೊಪ್ಪಳದಲ್ಲಿ ಮನೆಯ ಹಿಂದಿನ ಕೋಣೆಯಲ್ಲೇ ಒಂದು ಮಾಡಿ ಮುಗಿಸಿದ್ದೇನೆ. ಮಿರ್ಚಿ ಬಂಡಿಯ ಮಾಮಾ ಒಬ್ಬ, ಮಳೆ ಬರೋ ಹಾಗಿರುವ ಒಂದು ಸಂಜೆ, ಗಿರಾಕಿನೇ ಇಲ್ಲ. ಕಥೆ ಅಷ್ಟೇ.

ಆದರೆ ಐದು ನಿಮಿಷ ಬೇಡ. ಲೆಕ್ಕ ಹಾಕಿ ನೋಡಿ. ಸಿನಿಮಾದಲ್ಲಿ ಸೆಕೆಂಡಿಗೆ 24 ಚಿತ್ರ ಓಡುತ್ತವೆ. ನಮ್ಮಂಥವರು ಒಂದೊಂದು ಫೋಟೋವನ್ನು ಎರಡೆರಡು ಸಲ ತೋರಿಸಿ 12ರಲ್ಲಿ ಮುಗಿಸುತ್ತೇವೆ. ಹಾಗೆ ಮಾಡಿದರೂ ಐದು ನಿಮಿಷಕ್ಕೆ 3600 ಫೋಟೋ. ಪ್ರತಿ ಫೋಟೋಗೂ ಮುಂಚೆ ಗೊಂಬೆಯನ್ನು ಕೂದಲೆಳೆಯಷ್ಟು ಸರಿಸಬೇಕು. ಎರಡು ನಿಮಿಷ ಅಂದರೆ 1440. ಮೊದಲ ಚಿತ್ರಕ್ಕೆ ಅದೇ ಜಾಸ್ತಿ.

ಫೋನ್ ಬಗ್ಗೆ ಚಿಂತೆ ಮಾಡಬೇಡಿ. ಸ್ಟಾಪ್ ಮೋಷನ್ ಸ್ಟುಡಿಯೋ ಅನ್ನೋ ಆ್ಯಪ್ ಇದೆ. ಹಿಂದಿನ ಫೋಟೋವನ್ನು ಮಬ್ಬಾಗಿ ಮೇಲೆ ತೋರಿಸುತ್ತದೆ, ಗೊಂಬೆ ಎಷ್ಟು ಸರಿಯಿತು ಅಂತ ಗೊತ್ತಾಗುತ್ತದೆ. ಫೋನನ್ನು ಸ್ಟ್ಯಾಂಡಿಗೆ ಗಟ್ಟಿಯಾಗಿ ಬಿಗಿದು ಮತ್ತೆ ಮುಟ್ಟಬೇಡಿ. ವೈರ್ ಇರುವ ಇಯರ್‌ಫೋನ್ ಸಿಕ್ಕಿಸಿದರೆ ಎಷ್ಟೋ ಫೋನ್‌ಗಳಲ್ಲಿ ಅದರ ವಾಲ್ಯೂಮ್ ಬಟನ್ನೇ ಫೋಟೋ ತೆಗೆಯುತ್ತದೆ.

ನಿಜವಾದ ತಲೆನೋವು ಬೆಳಕು. ಎಕ್ಸ್‌ಪೋಷರ್ (ಎಷ್ಟು ಬೆಳಕು), ಫೋಕಸ್, ವೈಟ್ ಬ್ಯಾಲೆನ್ಸ್ (ಬಣ್ಣದ ಛಾಯೆ) ಮೂರನ್ನೂ ಲಾಕ್ ಮಾಡದಿದ್ದರೆ ಫೋನ್ ತನಗೆ ತೋಚಿದಂತೆ ಬದಲಿಸುತ್ತಾ ಹೋಗುತ್ತದೆ, ಓಡಿಸಿ ನೋಡಿದಾಗ ಇಡೀ ಚಿತ್ರ ಮಿಣುಕು ಮಿಣುಕು. ಕಿಟಕಿಗೆ ಕಪ್ಪು ಬಟ್ಟೆ ಕಟ್ಟಿ. ಬಿಸಿಲು ಚೆನ್ನಾಗಿದೆ ಅಂತ ಅದನ್ನು ನಂಬಿದರೆ ಹತ್ತು ಫೋಟೋ ಆಗುವಷ್ಟರಲ್ಲಿ ನೆರಳು ಸರಿದಿರುತ್ತದೆ. ನಮ್ಮಲ್ಲಿ ಕರೆಂಟ್ 50 ಹರ್ಟ್ಸ್, ಹಾಗಾಗಿ ಎಷ್ಟೋ ಬಲ್ಬ್‌ಗಳು ಸೆಕೆಂಡಿಗೆ 100 ಸಲ ಏರಿಳಿಯುತ್ತವೆ. ಶಟರ್ ತೆರೆದಿರುವ ಸಮಯವನ್ನು 1/50 ಅಥವಾ 1/25 ಸೆಕೆಂಡಿಗೆ ಇಟ್ಟರೆ ಆ ಏರಿಳಿತ ಫೋಟೋದಲ್ಲಿ ಕಾಣಲ್ಲ. ಸಂಜೆ ವೋಲ್ಟೇಜ್ ಇಳಿದರೆ ಮಾತ್ರ ಏನೂ ಮಾಡಕ್ಕಾಗಲ್ಲ, ಪವರ್ ಬ್ಯಾಂಕಿಗೆ ಹಾಕುವ ಪುಟ್ಟ ಎಲ್‌ಇಡಿ ದೀಪ ತಗೊಳ್ಳಿ. ಬಿಳಿ ಅಂಗಿ ಹಾಕ್ಕೊಂಡು ಗೊಂಬೆ ಹತ್ತಿರ ನಿಲ್ಲಬೇಡಿ, ಅಂಗಿಯ ಬೆಳಕು ಅದರ ಮುಖದ ಮೇಲೆ ಬೀಳುತ್ತದೆ. ಫ್ಯಾನ್ ಹಾಕುವಂತಿಲ್ಲ, ಗೊಂಬೆಯ ಬಟ್ಟೆ ಅಲ್ಲಾಡುತ್ತದೆ. ಏಪ್ರಿಲ್‌ನಲ್ಲಿ ಕೊಪ್ಪಳದ ಕೋಣೆಯೊಂದರಲ್ಲಿ ಕಿಟಕಿ ಮುಚ್ಚಿ, ಫ್ಯಾನ್ ಆರಿಸಿ ಕೂರೋದು ಏನು ಅಂತ ಈ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಮಳೆಗಾಲದಲ್ಲಿ ಶುರು ಮಾಡಿ.

ಅಂಗಡಿಯ ಬಣ್ಣದ ಕ್ಲೇ ನಮ್ಮ ಬೇಸಿಗೆಯಲ್ಲಿ ಮೆತ್ತಗಾಗಿ ಮೂಗು ಜಾರುತ್ತದೆ. ನನ್ನ ಮಾಮಾನ ತಲೆಗೆ ಉತ್ತರ ಸಿಕ್ಕಿದ್ದು ಹತ್ತಿರದ ಕಿನ್ನಾಳದಲ್ಲಿ. ಅಲ್ಲಿ ಗೊಂಬೆ ಮಾಡುವ ಚಿತ್ರಗಾರರು ಸೆಣಬಿನ ಚಿಂದಿಯನ್ನು ನೆನೆಸಿ, ಒಣಗಿಸಿ, ಪುಡಿ ಮಾಡಿ, ಮರದ ಹೊಟ್ಟು ಮತ್ತು ಹುಣಸೆ ಬೀಜದ ಅಂಟು ಕಲಸಿ ಕಿಟ್ಟ ಅನ್ನೋ ಮುದ್ದೆ ಮಾಡುತ್ತಾರೆ. ಒಣಗಿದ ಮೇಲೆ ಬಿಸಿಲಿಗೆ ಜಗ್ಗಲ್ಲ. ತಲೆ, ಕೈ ಅದರಲ್ಲಿ ಮಾಡಿದೆ. ಮೈಗೆ ಅಲ್ಯೂಮಿನಿಯಂ ತಂತಿ, ಎರಡೆಳೆ ಹೊಸೆದದ್ದು. ಗಟ್ಟಿ ಸ್ಟೀಲ್ ತಂತಿ ತಗೋಬೇಡಿ, ಬಗ್ಗಿಸಿದರೆ ಮತ್ತೆ ಹಿಂದಕ್ಕೆ ಎದ್ದು ಬರುತ್ತದೆ. ತಾಮ್ರ ಬಗ್ಗಿಸಿದಷ್ಟೂ ಬಿರುಸಾಗಿ ಮುರಿಯುತ್ತದೆ. ಅಲ್ಯೂಮಿನಿಯಮ್ಮೂ ಕೊನೆಗೆ ಮುರಿಯುತ್ತದೆ, ಆದರೆ ನಿಧಾನಕ್ಕೆ. ಪಾದದಡಿ ಒಂದು ನಟ್ ಅಂಟಿಸಿ ಮೇಜಿನ ಕೆಳಗಿನಿಂದ ಬೋಲ್ಟ್ ಬಿಗಿದರೆ ಗೊಂಬೆ ಬೀಳಲ್ಲ.

ಮಾತಿಗೆ ತಕ್ಕಂತೆ ತುಟಿ ಆಡಿಸೋದು ದೊಡ್ಡ ಕೆಲಸ. ನಾನು ಮಾಮಾನಿಗೆ ಬಾಯಿ ಮುಚ್ಚುವಷ್ಟು ದಪ್ಪ ಮೀಸೆ ಇಟ್ಟುಬಿಟ್ಟೆ. ಮಾತಾಡುವಾಗ ಮೀಸೆ ಮಾತ್ರ ಅಲ್ಲಾಡುತ್ತದೆ. ಯಾರೂ ಕೇಳಲಿಲ್ಲ!

ಕುದಿಯುವ ಎಣ್ಣೆಗೆ ತಲೆಗೆ ಹಚ್ಚುವ ಜೆಲ್, ಅದಕ್ಕೆ ಚಿಟಿಕೆ ಅರಿಶಿನ. ಗುಳ್ಳೆಗಳಿಗೆ ನೆನೆಸಿದ ಸಾಬೂದಾಣಿ, ಪ್ರತಿ ಫೋಟೋಗೂ ಚಿಮಟದಲ್ಲಿ ಒಂದೊಂದನ್ನೇ ಜಾಗ ಬದಲಿಸಿದ್ದು. ಹೊಗೆಗೆ ಹತ್ತಿ. ಚಿತ್ರದಲ್ಲಿ ಅತಿ ಹೆಚ್ಚು ಸಮಯ ತಿಂದಿದ್ದು ಇದೇ ಬಾಣಲೆ. ಶಬ್ದ ಮಾತ್ರ ನಿಜವಾದದ್ದು, ಬಂಡಿ ಹತ್ತಿರ ಫೋನ್ ಹಿಡಿದು ರೆಕಾರ್ಡ್ ಮಾಡಿದ್ದು. ಚರ್‍ ಅನ್ನೋ ಶಬ್ದ ಸೇರಿಸಿದ ಮೇಲೆಯೇ ಜೆಲ್ ಎಣ್ಣೆ ಆಯ್ತು. ಹಾಗಾಗಿ ಚಿತ್ರಕ್ಕೆ ಕೊಟ್ಟಷ್ಟೇ ಸಮಯ ಶಬ್ದಕ್ಕೂ ಕೊಡಿ.

ಈಗ ನಿಮ್ಮ ಎರಡನೇ ಪ್ರಶ್ನೆ. ನೋಡ್ತಾರೆ, ಆದರೆ ನೀವು ಕಷ್ಟಪಟ್ಟಿದ್ದನ್ನು ನೋಡಲ್ಲ. ನನ್ನ ಬಾಣಲೆ ಬಗ್ಗೆ ಒಬ್ಬರೂ ಮಾತಾಡಲಿಲ್ಲ. ಎಲ್ಲರೂ ಕೇಳಿದ್ದು ಕೊನೆಯ ಶಾಟ್. ಪೇಪರ್ ತುಂಡಿನ ಮೇಲೆ ಮಿರ್ಚಿ ಇಟ್ಟಿದೆ, ಎಣ್ಣೆ ಕಲೆ ಮೆಲ್ಲಗೆ ಹರಡಿ ಅಕ್ಷರಗಳನ್ನು ನುಂಗುತ್ತದೆ. ಅದರಲ್ಲಿ ನನ್ನ ಕೈಚಳಕ ಏನೂ ಇಲ್ಲ. ನಿಜವಾದ ಮಿರ್ಚಿ ಇಟ್ಟು, ಆಗಾಗ ಒಂದು ಫೋಟೋ ತೆಗೀತಾ ಕೂತಿದ್ದೆ ಅಷ್ಟೇ. ಉಪಾಯವೂ ಹಳೆಯದು. ದಾದಾಸಾಹೇಬ್ ಫಾಲ್ಕೆ 1912ರಲ್ಲಿ, ಇನ್ನೂ ರಾಜಾ ಹರಿಶ್ಚಂದ್ರ ಬರುವ ಮುಂಚೆ, ಬಟಾಣಿ ಗಿಡ ಬೆಳೆಯೋದನ್ನು ಹೀಗೇ ಬಿಡಿ ಬಿಡಿ ಚಿತ್ರವಾಗಿ ತೆಗೆದು ಬಂಡವಾಳ ಹಾಕುವವರಿಗೆ ತೋರಿಸಿದ್ದರು.

ಚಲನೆ ಸ್ವಲ್ಪ ತಡೆದು ತಡೆದು ಬರುತ್ತದಲ್ಲ, ಅದಕ್ಕೂ ಎರಡು ಥರ ಮಾತು ಬಂತು. ಯೂಟ್ಯೂಬ್‌ನಲ್ಲಿ ಹುಡುಗರು ‘ಲ್ಯಾಗ್ ಆಗ್ತಿದೆ ಬ್ರೋ’ ಅಂದರು. ಓಣಿಯಲ್ಲಿ ಗೋಡೆಗೆ ಪ್ರೊಜೆಕ್ಟರ್ ಹಾಕಿ ತೋರಿಸಿದಾಗ ಹಿರಿಯರಿಗೆ ಅದು ಕಣ್ಣಿಗೇ ಬೀಳಲಿಲ್ಲ. ತೊಗಲುಗೊಂಬೆ ನೋಡಿದ ಕಣ್ಣು ಅವು. ನಮ್ಮ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತಲ್ಲ, ಆ ಆಟ. ಗೊಂಬೆಯ ಕೈ ಒಮ್ಮೆಲೇ ಎದ್ದು ಒಮ್ಮೆಲೇ ಬೀಳೋದು ಅವರಿಗೆ ಹೊಸದೇನಲ್ಲ.

ಇನ್ನೊಂದು ವಿಷಯಕ್ಕೆ ತಯಾರಾಗಿರಿ. ‘ಇದು ಎಐ ಅಲ್ವಾ?’ ಅಂತ ಕೇಳ್ತಾರೆ. ನನಗೆ ಸ್ವಲ್ಪ ಉರಿದಿದ್ದು ನಿಜ. ಆಮೇಲೆ ನನ್ನ ಕೈ, ಚಿಮಟ, ಸಾಬೂದಾಣಿ ಎಲ್ಲಾ ಕಾಣುವ ಅರ್ಧ ನಿಮಿಷದ ವಿಡಿಯೋ ಹಾಕಿದೆ. ಚಿತ್ರಕ್ಕಿಂತ ಅದನ್ನೇ ಜನ ಜಾಸ್ತಿ ಹಂಚಿಕೊಂಡರು. ಅದಕ್ಕೇ ಹೇಳ್ತೀನಿ, ಕೆಲಸ ಮಾಡುವಾಗ ಪಕ್ಕದಲ್ಲಿ ಇನ್ನೊಂದು ಫೋನ್ ಓಡುತ್ತಿರಲಿ. ಚಿತ್ರೋತ್ಸವಗಳಿಗೆ ಕಳಿಸುವುದಾದರೆ ಸಬ್‌ಟೈಟಲ್ ಹಾಕಿ, ಪ್ರವೇಶ ಶುಲ್ಕ ನೋಡಿಕೊಂಡು ಕಳಿಸಿ. ನನ್ನದನ್ನು ಜಾಸ್ತಿ ಕಡೆ ತಗೊಳ್ಳಲಿಲ್ಲ. ದುಡ್ಡಂತೂ ಇಲ್ಲ.

ಸರಿಯಾಗಿ ವಿಮರ್ಶೆ ಮಾಡಿದವರು ಒಬ್ಬರೇ, ಶಬ್ದ ರೆಕಾರ್ಡ್ ಮಾಡಿಕೊಂಡೆನಲ್ಲ, ಆ ಬಂಡಿಯವರು. ಇಡೀ ಚಿತ್ರ ಸುಮ್ನೆ ನೋಡಿ, ‘ಎಲ್ಲಾ ಚೊಲೋ ಐತಿ. ಆದ್ರ ಒಂದ್ ಸಲಾನೂ ಮಿರ್ಚಿ ತಿರುವಿ ಹಾಕಿಲ್ಲಲ್ಲೋ ತಮ್ಮಾ, ಒಂದ್ ಮಗ್ಗಲ ಹಸೀನ ಉಳಿತೈತಿ’ ಅಂದರು. ಅಷ್ಟರಲ್ಲಿ ಸೆಟ್ ಬಿಚ್ಚಿ ಅಟ್ಟಕ್ಕೆ ಹೋಗಿತ್ತು. ನೀವು ಯಾವ ಕಸುಬಿನ ಕಥೆ ಮಾಡಿದರೂ ಸೆಟ್ ಬಿಚ್ಚುವ ಮೊದಲು ಆ ಕಸುಬಿನವರಿಗೆ ಒಮ್ಮೆ ತೋರಿಸಿಬಿಡಿ.